ಅಡುಗೆಮನೆಯ ರಸಗಳೂ ರೋಗಾಣುಗಳೂ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವವರಿಗೆ ಮಳೆಗಾಲದಲ್ಲಿ ರಸ್ತೆಯ ಎರಡು ಪಕ್ಕಗಳಲ್ಲಿಯೂ ಬತ್ತದ ಗದ್ದೆ, ಮೆಕ್ಕೆಜೋಳ, ಎಳೆಯ ಅಡಿಕೆ ತೋಟಗಳ ನಡುನಡುವೆ ಏರುಮಡಿಗಳ ಮೇಲೆ ಸಾಲಾಗಿ ನಿಂತ ಶುಂಠಿಯ ಹೊಲಗಳು ಕಾಣುತ್ತವೆ. ಕಳೆದ ವರ್ಷ ಭಾದ್ರಪದದಲ್ಲಿ ಅಂಥದೊಂದು ಹೊಲದ ಬದುವಿನ ಮೇಲೆ ನಾನು ನಿಂತಿದ್ದೆ. ಹೊಲದ ಯಜಮಾನರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಎರಡು ಮೂರು ಮಡಿಗಳಲ್ಲಿ ಗಿಡಗಳು ಇನ್ನೂ ಹಸಿರಾಗಿರುವಾಗಲೇ ಎಲೆ ಸುರುಳಿಯಾಗಿ ಸೊರಗಿದ್ದುವು. ಒಂದು ಗಿಡವನ್ನು ಹಿಡಿದು ಎಳೆದರೆ ಸಾಕು, ಬುಡದಿಂದ ಕಳಚಿ ಕೈಗೆ ಬರುತ್ತಿತ್ತು. ಯಜಮಾನರು ಆ ದಂಟನ್ನು ನನ್ನ ಮುಂದೆ ಹಿಡಿದು ಕೇಳಿದರು: “ಮೇಷ್ಟ್ರೇ, ಶುಂಠಿ ಕಷಾಯ ಕುಡಿದ್ರೆ ಕ್ರಿಮಿ ಸಾಯ್ತಾವೆ ಅಂತ ಪೇಪರಿನಲ್ಲಿ ಬರೀತಾರಲ್ಲ. ಈಗ ಶುಂಠಿಗೇ ಕ್ರಿಮಿ ಬಂದದೆ. ಇದಕ್ಕೆ ಯಾವ ಕಷಾಯ ಕುಡಿಸೋಣ, ಹೇಳಿ.”

ಅವರು ನಗುತ್ತಲೇ ಕೇಳಿದರು. ಆದರೆ ಆ ನಗುವಿನ ಹಿಂದೆ ಒಂದು ವರ್ಷದ ಸಾಲವಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಯಿಂದ ಒಂದು ಗಾಜಿನ ಲೋಟದಲ್ಲಿ ತಿಳಿನೀರು ತರಿಸಿ, ದಂಟನ್ನು ಬುಡದ ಹತ್ತಿರ ಚೂರಿಯಿಂದ ಅಡ್ಡ ಕೊಯ್ದು, ಕೊಯ್ದ ಬಾಯಿ ನೀರಿನಲ್ಲಿ ಮುಳುಗಿರುವಂತೆ ಹಿಡಿದೆವು. ಎರಡು ಮೂರು ನಿಮಿಷಗಳಲ್ಲಿ ಕೊಯ್ದ ಬಾಯಿಂದ ಹಾಲಿನಂಥ ಒಂದು ಸಣ್ಣ ಎಳೆ ಹೊರಟು, ತೂಗಾಡುತ್ತ ಕೆಳಕ್ಕೆ ಇಳಿಯತೊಡಗಿತು. ಆ ಎಳೆಯೆಲ್ಲ ಬ್ಯಾಕ್ಟೀರಿಯ. ರಾಲ್‌ಸ್ಟೋನಿಯ ಎಂಬ ಜಾತಿಯದು. ಕೃಷಿ ಇಲಾಖೆಯವರು ಇದರಿಂದ ಬರುವ ವ್ಯಾಧಿಯನ್ನು ದುಂಡಾಣು ಸೊರಗು ರೋಗ ಎನ್ನುತ್ತಾರೆ. ನೀರು ನಿಂತ ಮಡಿಯಲ್ಲಿ ಬರುವ ಗಡ್ಡೆ ಕೊಳೆಯುವ ರೋಗ ಬೇರೆ. ಅದರಲ್ಲಿ ಈ ಬಿಳಿಯ ಎಳೆ ಕಾಣುವುದಿಲ್ಲ. ಲಕ್ಷಗಟ್ಟಲೆ ಬ್ಯಾಕ್ಟೀರಿಯಗಳನ್ನು ಸೂಕ್ಷ್ಮದರ್ಶಕವಿಲ್ಲದೆ ಬರಿಗಣ್ಣಿನಿಂದ ಒಮ್ಮೆಗೇ ನೋಡುವ ಸುಲಭವಾದ ಉಪಾಯಗಳಲ್ಲಿ ಇದೊಂದು. ನಮ್ಮ ಕಡೆಯ ವಿದ್ಯಾರ್ಥಿಗಳು ಇದನ್ನು ಒಮ್ಮೆ ನೋಡಿಯೇ ತೀರಬೇಕು. ನೋಡಿದ ಮೇಲೆ ಆ ನೀರನ್ನು ಹೊಲಕ್ಕೆ ಚೆಲ್ಲದೆ ಕುದಿಸಿ ಚೆಲ್ಲಬೇಕು, ಅಷ್ಟೇ.

ಯಜಮಾನರ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ವಸ್ತುವೂ ಶುಂಠಿಯ ಪರಿಮಳ ತೈಲವೂ ಪ್ರಯೋಗಶಾಲೆಯಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತವೆಂಬುದು ಸುಳ್ಳಲ್ಲ. ಹಾಗಿದ್ದರೆ ಆ ವಸ್ತುಗಳನ್ನು ಮೈತುಂಬ ಹೊತ್ತ ಗಡ್ಡೆಯೇ ಬ್ಯಾಕ್ಟೀರಿಯಕ್ಕೆ ಏಕೆ ಬಲಿಯಾಗಬೇಕು? ಗಿಡದ ಒಳರಚನೆಯನ್ನು ನೋಡಿದರೆ ಒಗಟು ಅರ್ಧ ಬಿಡಿಸಿದಂತಾಗುತ್ತದೆ. ಶುಂಠಿಯ ತೈಲವೂ ಖಾರವೂ ಗಡ್ಡೆಯಲ್ಲಿ ಅಲ್ಲಲ್ಲಿ ಚದುರಿದ ತೈಲಕೋಶಗಳಲ್ಲಿ ಬಂದಿಯಾಗಿವೆ. ಬ್ಯಾಕ್ಟೀರಿಯವೋ ನೀರನ್ನು ಮೇಲಕ್ಕೆ ಒಯ್ಯುವ ನಾಳಗಳ ಮೂಲಕ ಏರುತ್ತದೆ. ಜಿಂಜರಾಲ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಉಗ್ರಾಣದಲ್ಲಿ ಮದ್ದುಗುಂಡು ಬೇಕಾದಷ್ಟಿದೆ. ಶತ್ರು ಬಂದ ದಾರಿಗೆ ಅದು ತಲುಪುವುದಿಲ್ಲ.

ಈಚೆಗೆ ಪತ್ರಿಕೆಗಳಲ್ಲಿಯೂ ಮೊಬೈಲುಗಳಲ್ಲಿಯೂ ‘ಬೆಳ್ಳುಳ್ಳಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ’, ‘ಅರಿಶಿನ ಸರ್ವರೋಗಾಣುನಾಶಕ’ ಎಂಬ ವಾಕ್ಯಗಳನ್ನು ದಿನವೂ ಕಾಣುತ್ತೇವೆ. ನಾನು ಭೌತಶಾಸ್ತ್ರದ ಅಧ್ಯಾಪಕ. ವೈದ್ಯನಲ್ಲ, ಸಸ್ಯಶಾಸ್ತ್ರಜ್ಞನೂ ಅಲ್ಲ. ಆದರೂ ಈ ವಾಕ್ಯಗಳ ವಿಷಯದಲ್ಲಿ ನನ್ನದೊಂದು ತಕರಾರು ಉಂಟು. ‘ಬೆಂಕಿ ನೀರನ್ನು ಕುದಿಸುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆದ ವಿದ್ಯಾರ್ಥಿಗೆ ನಾನು ಅಂಕ ಕೊಡುವುದಿಲ್ಲ. ಎಷ್ಟು ಬೆಂಕಿ, ಎಷ್ಟು ನೀರು, ಎಷ್ಟು ಹೊತ್ತು ಎಂದು ಕೇಳುತ್ತೇನೆ. ಒಂದು ಬೆಂಕಿಕಡ್ಡಿ ಒಂದು ಹನಿ ನೀರನ್ನು ಆವಿಮಾಡೀತು, ಅಂಜನಾಪುರದ ಜಲಾಶಯವನ್ನಲ್ಲ. ಸಸ್ಯಸಾರಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಾವು ಏಕೆ ಕೇಳುವುದಿಲ್ಲ?

ತಕರಾರು ಎಂದ ಮಾತ್ರಕ್ಕೆ ಸಸ್ಯಗಳ ಶಕ್ತಿಯನ್ನು ನಾನು ಅಲ್ಲಗಳೆಯುತ್ತೇನೆಂದು ವಾಚಕರು ಭಾವಿಸಬಾರದು. ಬೆಳ್ಳುಳ್ಳಿಯನ್ನೇ ತೆಗೆದುಕೊಳ್ಳೋಣ. 1944ರಲ್ಲಿ ಅಮೆರಿಕದ ಕವಲಿಟೊ ಮತ್ತು ಬೇಲಿ ಎಂಬ ವಿಜ್ಞಾನಿಗಳು ಬೆಳ್ಳುಳ್ಳಿಯಿಂದ ಅಲಿಸಿನ್ ಎಂಬ ಗಂಧಕಯುಕ್ತ ವಸ್ತುವನ್ನು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಗಳನ್ನು ತಡೆಯುವುದನ್ನು ತೋರಿಸಿದರು. ಇದರಲ್ಲಿರುವ ಚೋದ್ಯವೇನೆಂದರೆ, ಸುಲಿದು ಇಟ್ಟ ಇಡೀ ಎಸಳಿನಲ್ಲಿ ಅಲಿಸಿನ್ ಇಲ್ಲವೇ ಇಲ್ಲ. ಅಲ್ಲಿರುವುದು ಅಲೀನ್ ಎಂಬ ನಿರ್ಗಂಧವಾದ ವಸ್ತು, ಮತ್ತು ಬೇರೊಂದು ಅರೆಯಲ್ಲಿ ಅಲೀನೇಸ್ ಎಂಬ ಕಿಣ್ವ. ಎಸಳನ್ನು ಜಜ್ಜಿದಾಗ ಗೋಡೆ ಒಡೆದು ಇವೆರಡೂ ಸೇರುತ್ತವೆ. ಕ್ಷಣಾರ್ಧದಲ್ಲಿ ಅಲಿಸಿನ್ ಹುಟ್ಟುತ್ತದೆ, ಮೂಗಿಗೆ ಅದರ ಸುದ್ದಿ ಮುಟ್ಟುತ್ತದೆ. ಎಸಳನ್ನು ಜಜ್ಜದೆ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಬೆಂದುಹೋಗಿ ಅಲಿಸಿನ್ ಹುಟ್ಟುವುದೇ ಇಲ್ಲ. ಸಾಸಿವೆಯದೂ ಇದೇ ತಂತ್ರ. ಒಣ ಕಾಳನ್ನು ಮೂಸಿದರೆ ಏನೂ ಇಲ್ಲ. ನೀರು ಬೆರಸಿ ಅರೆದರೆ ಕಣ್ಣಲ್ಲಿ ನೀರು ಬರಿಸುವ ತೀಕ್ಷ್ಣ ಪದಾರ್ಥ ಎದ್ದು ಬರುತ್ತದೆ. ಓಮದ ಕಾಳಿನ ಥೈಮಾಲ್, ಲವಂಗದ ಯೂಜಿನಾಲ್, ನಮ್ಮ ಹಿತ್ತಿಲ ದೊಡ್ಡಪತ್ರೆಯಲ್ಲಿ ಥೈಮಾಲಿನ ಜೊತೆಗಿರುವ ಕಾರ್ವಕ್ರಾಲ್ ಇವು ಬ್ಯಾಕ್ಟೀರಿಯದ ಹೊರಪೊರೆಯನ್ನು ಸಡಿಲಿಸಿ, ಒಳಗಿನ ಲವಣಗಳು ಸೋರಿಹೋಗುವಂತೆ ಮಾಡುತ್ತವೆ. ಗಿಡಗಳು ಇವನ್ನು ನಮಗಾಗಿ ಮಾಡಿಕೊಂಡುವಲ್ಲ. ಓಡಿಹೋಗಲು ಕಾಲಿಲ್ಲದ ಜೀವಿಗಳು ತಮ್ಮ ರಕ್ಷಣೆಗೆ ಕಂಡುಕೊಂಡ ಉಪಾಯಗಳಿವು.

ನಮ್ಮ ರಾಜ್ಯದಲ್ಲಿಯೂ ಈ ಕೆಲಸ ನಡೆದಿದೆ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು, ಅರಿಶಿನದಿಂದ ಕರ್ಕ್ಯುಮಿನ್ ಎಂಬ ಹಳದಿ ವಸ್ತುವನ್ನು ತೆಗೆದ ಮೇಲೆ ಉಳಿಯುವ ತೈಲ ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆಂದು 1999ರಲ್ಲಿ ಪ್ರಕಟಿಸಿದರು. ದಾಳಿಂಬೆ ಸಿಪ್ಪೆಯ ಸಾರವನ್ನು ಕುರಿತ ಅವರ ಪ್ರಬಂಧ 2003ರದು. ಮಲೆನಾಡಿನ ಮನೆಗಳಲ್ಲಿ ಹೊಟ್ಟೆ ಕೆಟ್ಟವರಿಗೆ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿಕೊಡುವುದನ್ನು ಬಲ್ಲವರಿಗೆ ಈ ಸುದ್ದಿಯಿಂದ ಸಂತೋಷವಾಗುವುದು ಸಹಜ. ಆದರೆ ಆ ಪ್ರಬಂಧದಲ್ಲಿ ಸಾರವನ್ನು ತೆಗೆದದ್ದು ನೀರಿನಿಂದ ಮಾತ್ರವಲ್ಲ. ಅಸಿಟೋನ್, ಮೆಥನಾಲ್‌ಗಳಂಥ ದ್ರಾವಕಗಳಿಂದಲೂ. ನಮ್ಮ ಅಜ್ಜಿಯರು ತಂಬುಳಿಗೆ ಮಜ್ಜಿಗೆ ಬೆರಸುತ್ತಿದ್ದರೇ ಹೊರತು ಅಸಿಟೋನನ್ನಲ್ಲ. ಒಂದರ ಫಲಿತಾಂಶವನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ, ಪಿ.ಯು.ಸಿ. ವಿದ್ಯಾರ್ಥಿಗೆ ಇದು ಎರಡು ಸಾಲಿನ ಕೆಲಸ. ಒಂದು ಎಸಳು ಬೆಳ್ಳುಳ್ಳಿ ಸುಮಾರು 3 ಗ್ರಾಂ ತೂಗುತ್ತದೆ. ಜಜ್ಜಿದ ಒಂದು ಗ್ರಾಂ ಹಸಿ ಬೆಳ್ಳುಳ್ಳಿಯಿಂದ ಹೆಚ್ಚೆಂದರೆ 4 ಮಿಲಿಗ್ರಾಂನಷ್ಟು ಅಲಿಸಿನ್ ದೊರೆಯುತ್ತದೆ. ಅಂದರೆ ಎಸಳೊಂದಕ್ಕೆ 12 ಮಿಲಿಗ್ರಾಂ. ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯದ ಮೇಲೆ ಪರಿಣಾಮ ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ ಸುಮಾರು 15 ಮೈಕ್ರೊಗ್ರಾಂ ಅಲಿಸಿನ್ ಇರಬೇಕು. ಈ ಎಸಳನ್ನು ಜಜ್ಜಿ 30 ಮಿಲಿಲೀಟರು ಹಸಿ ಚಟ್ನಿಗೆ ಹಾಕಿದರೆ ಮಿಲಿಲೀಟರಿಗೆ 400 ಮೈಕ್ರೊಗ್ರಾಂ ಸಿಕ್ಕಿತು. ಬೇಕಾದುದಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಚಟ್ನಿಯ ಕೊಬ್ಬು, ಸಸಾರಜನಕಗಳು ಅದರಲ್ಲಿ ಒಂದು ಪಾಲನ್ನು ನುಂಗಿದರೂ ಉಳಿದದ್ದು ಕೆಲಸಕ್ಕೆ ಬಂದೀತು. ಅದೇ ಎಸಳನ್ನು 60 ಕಿಲೋಗ್ರಾಂ ತೂಕದ ಮನುಷ್ಯ ನುಂಗಿದನೆನ್ನಿ. ಅವನ ದೇಹದಲ್ಲಿರುವ ನೀರು ಸುಮಾರು 36 ಲೀಟರು. ಅಷ್ಟೂ ಅಲಿಸಿನ್ ಹಾಳಾಗದೆ ಮೈಯಲ್ಲೆಲ್ಲ ಹರಡಿತೆಂದು ಉದಾರವಾಗಿ ಒಪ್ಪಿಕೊಂಡರೂ ಮಿಲಿಲೀಟರಿಗೆ ದೊರೆಯುವುದು ಮೈಕ್ರೊಗ್ರಾಂನ ಮೂರನೆಯ ಒಂದು ಭಾಗ. ಬೇಕಾದುದರ ನಲವತ್ತೈದರಲ್ಲಿ ಒಂದು ಪಾಲು. ನಿಜಸ್ಥಿತಿ ಇದಕ್ಕಿಂತ ಕಡೆ, ಏಕೆಂದರೆ ರಕ್ತಕ್ಕೆ ಸೇರಿದ ಅಲಿಸಿನ್ ನಿಮಿಷಗಳಲ್ಲಿ ಬೇರೆ ಪದಾರ್ಥವಾಗಿ ಮಾರ್ಪಡುತ್ತದೆ. ಎಸಳು ಒಂದೇ, ಬ್ಯಾಕ್ಟೀರಿಯವೂ ಒಂದೇ. ಬಟ್ಟಲಿನಲ್ಲಿ ಗೆದ್ದದ್ದು ನೆತ್ತರಿನಲ್ಲಿ ಸೋಲುತ್ತದೆ.

ಈ ಲೆಕ್ಕ ನನಗೆ ಬರಿಯ ಲೆಕ್ಕವಾಗಿ ಉಳಿದಿಲ್ಲ. ಮೂರು ವರ್ಷಗಳ ಹಿಂದೆ ಸೊರಬದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನೊಬ್ಬ ತಿಂಗಳುಗಟ್ಟಲೆ ತರಗತಿಗೆ ಬರಲಿಲ್ಲ. ಬಂದಾಗ ಅಂಗಿ ಅವನ ಮೈಮೇಲೆ ಗೂಟಕ್ಕೆ ತಗಲಿಹಾಕಿದಂತಿತ್ತು. ವಿಷಮಶೀತಜ್ವರ, ಎಂದರೆ ಟೈಫಾಯಿಡ್. ಮೊದಲ ಹತ್ತು ದಿನ ಮನೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಮೆಣಸು ಕುದಿಸಿದ ಕಷಾಯ. ಆಮೇಲೆ ವೈದ್ಯರು ಹದಿನಾಲ್ಕು ದಿನಕ್ಕೆ ಬರೆದುಕೊಟ್ಟ ಮಾತ್ರೆಗಳನ್ನು ಜ್ವರ ಇಳಿಯಿತೆಂದು ಐದನೆಯ ದಿನಕ್ಕೇ ನಿಲ್ಲಿಸಿ, ‘ಉಷ್ಣದ ಮಾತ್ರೆ ಸಾಕು’ ಎಂದು ಮತ್ತೆ ಕಷಾಯ. ಮೂರು ವಾರದೊಳಗೆ ಜ್ವರ ಮರುಕಳಿಸಿತು. ಟೈಫಾಯಿಡಿನಲ್ಲಿ ಮೂರನೆಯ ವಾರದ ಹೊತ್ತಿಗೆ ಕರುಳಿಗೆ ರಂಧ್ರ ಬೀಳುವ ಅಪಾಯವಿದೆ. ಹುಡುಗ ಉಳಿದದ್ದು ಅವನ ಪುಣ್ಯ. ತಾಯಿ ಕಾಲೇಜಿಗೆ ಬಂದು “ನಾನು ಒಳ್ಳೆಯದಕ್ಕೇ ಕೊಟ್ಟೆ, ಸಾರ್” ಎಂದರು. ಒಳ್ಳೆಯದಕ್ಕೇ ಕೊಟ್ಟರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬಾಯಿಗೆ ರುಚಿ ತಂದು, ಬೆವರಿಳಿಸಿ, ಬಿಸಿ ದ್ರವವನ್ನು ಒಳಕ್ಕೆ ಕಳಿಸಿ ಕಷಾಯ ರೋಗಿಗೆ ಹಿತವನ್ನೂ ಮಾಡಿರಬಹುದು. ಆದರೆ ಕುದಿಸಿದ ಬೆಳ್ಳುಳ್ಳಿಯಿಂದ ಆ ರೋಗಾಣುವಿಗೆ ಆಗಬೇಕಾದ ಕೇಡು ಆಗಲಿಲ್ಲ.

ಔಷಧವನ್ನು ಅರ್ಧಕ್ಕೆ ಬಿಡುವುದರಿಂದ ಇನ್ನೊಂದು ಅನಾಹುತವುಂಟು. ಪೆನಿಸಿಲಿನ್ನನ್ನು 1928ರಲ್ಲಿ ಗುರುತಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಎಚ್ಚರಿಕೆ ಕೊಟ್ಟಿದ್ದ: ಸಾಯದಷ್ಟು ಅಲ್ಪ ಪ್ರಮಾಣದ ಮದ್ದಿಗೆ ರೋಗಾಣುಗಳನ್ನು ಒಡ್ಡಿದರೆ ಅವು ಮದ್ದನ್ನೇ ಎದುರಿಸಲು ಕಲಿಯುತ್ತವೆ. 2019ರಲ್ಲಿ ಹೀಗೆ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಗಳು ನೇರವಾಗಿ ಕಾರಣವಾದ ಸಾವುಗಳು ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರವೆಂದು ಅಂದಾಜು. ನಮ್ಮ ದೇಶದ ಟೈಫಾಯಿಡ್ ರೋಗಾಣುಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳಿಗೆ ಈಗ ಸರಿಯಾಗಿ ಮಣಿಯುವುದಿಲ್ಲ. ಈ ಸಂಕಟದಿಂದ ಪಾರಾಗಲು ವಿಜ್ಞಾನಿಗಳು ಮತ್ತೆ ಗಿಡಗಳ ಕಡೆ ತಿರುಗಿರುವುದು ನಿಜ, ಯುಕ್ತವೂ ಹೌದು. ಇದರಲ್ಲಿ ‘ಪ್ರಕೃತಿಯ ಮದ್ದು’, ‘ರಾಸಾಯನಿಕ ಮದ್ದು’ ಎಂಬ ಜಗಳಕ್ಕೆ ಅರ್ಥವಿಲ್ಲ. ಪೆನಿಸಿಲಿನ್ ಬೂಷ್ಟಿನಿಂದ ಬಂತು, ಸ್ಟ್ರೆಪ್ಟೊಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂತು. ಬೂಷ್ಟು ಪ್ರಕೃತಿಯಲ್ಲವೆ? ಬೆಳ್ಳುಳ್ಳಿಯ ಅಲಿಸಿನ್ ರಾಸಾಯನಿಕವಲ್ಲವೆ?

ರೋಗವನ್ನು ಉಂಟುಮಾಡಿದವನಾರೆಂದು ತಿಳಿಯುವುದೂ ಅಗತ್ಯ. ಮಂಗನ ಕಾಯಿಲೆಯ ಹೆಸರು ಕೇಳದವರು ನಮ್ಮ ಸೀಮೆಯಲ್ಲಿಲ್ಲ. 1957ರಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದರಿಂದ ಜಗತ್ತಿನ ಗಮನಕ್ಕೆ ಬಂದ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನಲ್ಲಿಯೇ ಇದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದರ ಕಾರಣವನ್ನು ಹುಡುಕಿ ತೆಗೆದರು. ಅದು ಉಣುಗುಗಳ ಕಡಿತದಿಂದ ಹರಡುವ ವೈರಸ್, ಬ್ಯಾಕ್ಟೀರಿಯವಲ್ಲ. ಬ್ಯಾಕ್ಟೀರಿಯವನ್ನು ಕೊಲ್ಲುವ ಪೆನಿಸಿಲಿನ್ ಕೂಡ ಅದರ ಮುಂದೆ ನಿಷ್ಪ್ರಯೋಜಕ. ‘ಕ್ರಿಮಿನಾಶಕ’ ಎಂಬ ಒಂದೇ ಪದದ ಕೆಳಗೆ ವೈರಸ್, ಬ್ಯಾಕ್ಟೀರಿಯ, ಬೂಷ್ಟು, ಜಂತುಹುಳು ಎಲ್ಲವನ್ನೂ ಸೇರಿಸಿಬಿಡುವ ಬರವಣಿಗೆ ನಮ್ಮ ಜಿಲ್ಲೆಯಲ್ಲಿ ಬರಿಯ ಅಜ್ಞಾನವಲ್ಲ, ಅಪಾಯ.

ಹಳೆಯ ವೈದ್ಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ ಅನಾಥ ರೋಗಿಗಳಿಗೆ ಔಷಧೋಪಚಾರದ ವ್ಯವಸ್ಥೆ ಇತ್ತೆಂದು 1162ರ ಶಾಸನ ತಿಳಿಸುತ್ತದೆ. ವಿದ್ಯೆ, ಅನ್ನ, ಔಷಧ ಮೂರನ್ನೂ ಒಂದೇ ಸೂರಿನಡಿ ಕೊಟ್ಟ ಊರಿನ ನೆರೆಯಲ್ಲಿ ಪಾಠ ಹೇಳುತ್ತೇನೆಂಬ ಹೆಮ್ಮೆ ನನಗಿದೆ. ಆ ಕಾಲದವರು ತಮ್ಮಲ್ಲಿದ್ದ ಸಾಧನಗಳಿಂದ ತಮಗೆ ತಿಳಿದಷ್ಟನ್ನು ಮಾಡಿದರು. ತಕ್ಕಡಿ, ಸೂಕ್ಷ್ಮದರ್ಶಕ, ಉಷ್ಣಮಾಪಕಗಳನ್ನು ಕೈಯಲ್ಲಿಟ್ಟುಕೊಂಡೂ ಅಳೆಯದೆ ಮಾತಾಡುವವರು ನಾವು.

ಹಾಗಾದರೆ ಸಸ್ಯಸಾರಗಳಿಗೆ ಯೋಗ್ಯವಾದ ರಣರಂಗ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ದೇಹದ ಒಳಗಿಗಿಂತ ಮುಂಚೆ ಉಪ್ಪಿನಕಾಯಿಯ ಜಾಡಿ. ಮಲೆನಾಡಿನ ಅಪ್ಪೆಮಿಡಿಯ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ನಿಲ್ಲುವುದನ್ನು ಎಲ್ಲರೂ ಬಲ್ಲರು. ಅದರ ಕೀರ್ತಿಯನ್ನೆಲ್ಲ ಸಾಸಿವೆಗೂ ಮೆಣಸಿನಕಾಯಿಗೂ ಕೊಡುವವರುಂಟು. ಭೌತಶಾಸ್ತ್ರ ಬೇರೆ ಮಾತು ಹೇಳುತ್ತದೆ. 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲುದು. ಹೀಗೆ ತುಂಬಿ ತೃಪ್ತವಾದ ಉಪ್ಪುನೀರಿನ ಮೇಲಿನ ಆವಿಯ ಒತ್ತಡ ಬರಿಯ ನೀರಿನದರ ಮುಕ್ಕಾಲು ಪಾಲು, ಅಂದರೆ 0.75. ಈ ಭಾಗಲಬ್ಧಕ್ಕೆ ಆಹಾರವಿಜ್ಞಾನಿಗಳು ‘ಜಲಕ್ರಿಯಾಂಕ’ ಎಂಬರ್ಥದ ಹೆಸರಿಟ್ಟಿದ್ದಾರೆ. ಬಹುತೇಕ ಬ್ಯಾಕ್ಟೀರಿಯಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು; ಗಟ್ಟಿಗನಾದ ಸ್ಟೆಫೈಲೊಕಾಕಸ್ ಆರಿಯಸ್ ಕೂಡ ಸುಮಾರು 0.86ಕ್ಕೆ ಕೈಚೆಲ್ಲುತ್ತದೆ. ಉಪ್ಪನ್ನೇ ಬಯಸುವ ಕೆಲವು ಅಪರೂಪದ ಜಾತಿಗಳನ್ನು ಬಿಟ್ಟರೆ ಮಿಡಿಯ ಉಪ್ಪುನೀರಿನಲ್ಲಿ ಯಾವ ಬ್ಯಾಕ್ಟೀರಿಯಕ್ಕೂ ಕುಡಿಯಲು ನೀರಿಲ್ಲ. ನೀರಿನ ನಡುವೆಯೇ ಬಾಯಾರಿಕೆ! ಇದರ ಮೇಲೆ ಮಿಡಿಯ ಹುಳಿ. ಸಾಸಿವೆ ಬಂದದ್ದು ಮೂರನೆಯ ಕಾವಲುಗಾರನಾಗಿ.

ಉಪ್ಪೂ ಹುಳಿಯೂ ಇಲ್ಲದೆ ಸಸ್ಯದ ರಸ ಒಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವಿದೆ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಉಪಾಹಾರಗೃಹವೊಂದರಲ್ಲಿ ಊಟ ಮಾಡಿದ 36 ಜನ ಬಾಟ್ಯುಲಿಸಮ್ ಎಂಬ ಭಯಂಕರ ವಿಷಬಾಧೆಗೆ ತುತ್ತಾದರು. ವಿಷ ಇದ್ದುದು ಎಣ್ಣೆಯಲ್ಲಿ ಹಾಕಿ, ತಂಪುಪೆಟ್ಟಿಗೆಯ ಹೊರಗೆ ಇಟ್ಟಿದ್ದ ಕೊಚ್ಚಿದ ಬೆಳ್ಳುಳ್ಳಿಯಲ್ಲಿ! ಮಣ್ಣಿನಿಂದ ಗಡ್ಡೆಗೆ ಅಂಟಿ ಬಂದ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್‌ನ ಬೀಜಾಣುಗಳಿಗೆ ಬೇಕಾದದ್ದು ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಜಾಗ. ಎಣ್ಣೆ ಗಾಳಿಯನ್ನು ತಡೆಯಿತು, ಹುಳಿ ಹಾಕಿರಲಿಲ್ಲ. ಬ್ಯಾಕ್ಟೀರಿಯನಾಶಕವೆಂದು ಹೆಸರಾದ ಬೆಳ್ಳುಳ್ಳಿಯ ಮಡಿಲಲ್ಲೇ ಅದು ಬೆಳೆಯಿತು. ಪಿ.ಎಚ್. ಮಾಪನದಲ್ಲಿ 4.6ಕ್ಕಿಂತ ಹೆಚ್ಚು ಹುಳಿ ಇದ್ದಿದ್ದರೆ, ಅಂದರೆ ಅಂಕಿ ಅದಕ್ಕಿಂತ ಕೆಳಗಿದ್ದಿದ್ದರೆ, ಅದು ಬೆಳೆಯುತ್ತಿರಲಿಲ್ಲ. ಮನೆಯಲ್ಲಿ ಬೆಳ್ಳುಳ್ಳಿಯನ್ನು ಬರಿಯ ಎಣ್ಣೆಯಲ್ಲಿ ಹಾಕಿ ತಿಂಗಳುಗಟ್ಟಲೆ ಕಪಾಟಿನಲ್ಲಿಡುವವರು ನಿಂಬೆರಸದ ಬೆಲೆಯನ್ನು ಅರಿತಿರಲಿ.

ಈ ಜಾಡಿಯ ವಿಚಾರವನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡದ ಭಯದಿಂದ ನಮ್ಮ ಮನೆಗಳಲ್ಲಿಯೂ ಉಪ್ಪಿನಕಾಯಿಗೆ ಉಪ್ಪು ಕಡಮೆಯಾಗುತ್ತಿದೆ. ಮೊದಲನೆಯ ಕಾವಲುಗಾರನನ್ನು ಅರ್ಧ ಸಂಬಳಕ್ಕೆ ಇಳಿಸಿದ ಮೇಲೆ ಮೂರನೆಯವನ ಹೊಣೆ ಹೆಚ್ಚಿತು. ಉಪ್ಪನ್ನು ಎಷ್ಟು ಇಳಿಸಿದರೆ, ಸಾಸಿವೆಯನ್ನೋ ಓಮವನ್ನೋ ಎಷ್ಟು ಏರಿಸಿದರೆ, ಹುಳಿಯನ್ನು ಎಷ್ಟರಲ್ಲಿಟ್ಟರೆ ಜಾಡಿ ಕೆಡುವುದಿಲ್ಲ? ಸಸ್ಯಸಾರಗಳ ಸಂಶೋಧನೆಗೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ನಮ್ಮ ಮಲೆನಾಡಿನಲ್ಲಿ ಇರಲಾರದು. ಇಲ್ಲಿ ರಸವೂ ಬ್ಯಾಕ್ಟೀರಿಯವೂ ಒಂದೇ ಜಾಡಿಯಲ್ಲಿವೆ. ರಸ ಎಲ್ಲಿಗೂ ಪಯಣ ಮಾಡಬೇಕಾಗಿಲ್ಲ. ರೋಗಿಯ ಪ್ರಾಣವನ್ನು ಪಣಕ್ಕಿಡಬೇಕಾಗಿಯೂ ಇಲ್ಲ. ಹೀಗಿದ್ದರೂ ‘ಕ್ಯಾನ್ಸರಿಗೆ ಅರಿಶಿನ’ ಎಂಬ ವಿಷಯಕ್ಕೆ ಸಿಗುವ ಚಪ್ಪಾಳೆ ‘ಕಡಮೆ ಉಪ್ಪಿನ ಉಪ್ಪಿನಕಾಯಿ’ಗೆ ಸಿಗುವುದಿಲ್ಲ.

ಉಷ್ಣದೇಶದವರು ಸಾಂಬಾರ ಪದಾರ್ಥಗಳನ್ನು ಹೆಚ್ಚಾಗಿ ತಿನ್ನುವುದೇ ಬ್ಯಾಕ್ಟೀರಿಯಗಳಿಂದ ಪಾರಾಗಲು ಎಂಬ ಒಂದು ಸೊಗಸಾದ ವಾದವುಂಟು. 1998ರಲ್ಲಿ ಅಮೆರಿಕದ ಬಿಲ್ಲಿಂಗ್ ಮತ್ತು ಶೆರ್ಮನ್ 36 ದೇಶಗಳ ಮಾಂಸದ ಅಡುಗೆಯ ವಿಧಾನಗಳನ್ನು ಪರಿಶೀಲಿಸಿ ಹಾಗೆ ಬರೆದರು. ನಾನೂ ಅದನ್ನು ಕೆಲವು ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. 2021ರಲ್ಲಿ ಬೇರೊಂದು ತಂಡ 33,750 ಅಡುಗೆ ವಿಧಾನಗಳನ್ನು ಲೆಕ್ಕಹಾಕಿ ನೋಡಿತು. ಉಷ್ಣದೇಶಗಳ ಅಡುಗೆಯಲ್ಲಿ ಸಾಂಬಾರ ಹೆಚ್ಚೆಂಬುದು ನಿಜವಾದರೂ, ಅದು ರೋಗಾಣುಗಳ ಕಾರಣದಿಂದಲೇ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ತಿಳಿಸಿತು. ಆ ವರ್ಷದಿಂದ ನಾನು ಎರಡನ್ನೂ ಹೇಳುತ್ತೇನೆ.

ಅಳೆಯಬೇಕೆಂದ ಕೂಡಲೆ ಅಳತೆ ತಾನಾಗಿ ಸತ್ಯವನ್ನು ಹೇಳಿಬಿಡುವುದಿಲ್ಲ. ಬ್ಯಾಕ್ಟೀರಿಯಗಳನ್ನು ಹರಡಿದ ಅಗರ್ ತಟ್ಟೆಯ ಮೇಲೆ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು, ಅದರ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ಬಿಟ್ಟ ವೃತ್ತದ ಅಗಲವನ್ನು ಅಳೆಯುವ ಪದ್ಧತಿ ಕಾಲೇಜುಗಳಲ್ಲಿ ಬಹಳ ರೂಢಿಯಲ್ಲಿದೆ. ವೃತ್ತ ದೊಡ್ಡದಾದಷ್ಟೂ ರಸ ಪ್ರಬಲವೆಂದು ಬರೆಯುತ್ತಾರೆ. ಆದರೆ ವೃತ್ತದ ಅಗಲ ರಸದ ಬಲದ ಜೊತೆಗೆ ಅದು ಅಗರಿನಲ್ಲಿ ಎಷ್ಟು ಬೇಗ ವ್ಯಾಪಿಸುತ್ತದೆಂಬುದನ್ನೂ ಅವಲಂಬಿಸಿದೆ. ನೀರಿನಲ್ಲಿ ಕರಗದ ತೈಲ ಎಷ್ಟೇ ತೀಕ್ಷ್ಣವಾಗಿದ್ದರೂ ಬಿಲ್ಲೆಯ ಬಳಿಯಲ್ಲೇ ಕುಳಿತುಬಿಡಬಹುದು. ಕರ್ಕ್ಯುಮಿನ್‌ನ ಕತೆ ಇನ್ನೂ ವಿಚಿತ್ರ. ಅದಕ್ಕೆ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆಯೆಂದು ‘ನೇಚರ್’ ಪತ್ರಿಕೆ 1949ರಲ್ಲಿಯೇ ಪ್ರಕಟಿಸಿತ್ತು. ಅಲ್ಲಿಂದೀಚೆಗೆ ಅದನ್ನು ಕುರಿತು ಸಾವಿರಾರು ಪ್ರಬಂಧಗಳು ಬಂದಿವೆ. 2017ರ ಒಂದು ಕೂಲಂಕಷ ವಿಮರ್ಶೆ ತೋರಿಸಿದುದೇನೆಂದರೆ, ಕರ್ಕ್ಯುಮಿನ್ ತಾನೇ ಬಣ್ಣವುಳ್ಳದ್ದು, ಬೆಳಕು ಬಿದ್ದರೆ ತಾನೇ ಹೊಳೆಯುವಂಥದು. ಬೆಳಕಿನಿಂದ ಓದುವ ಪರೀಕ್ಷೆಗಳಲ್ಲಿ ಔಷಧದ ಗುಣವಿಲ್ಲದೆಯೂ ಇದ್ದಂತೆ ತೋರಿಸಿಬಿಡುತ್ತದೆ. ಅದೂ ಅಲ್ಲದೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ.

ನಾನೂ ಇಂಥ ಹಳ್ಳಕ್ಕೆ ಬಿದ್ದವನೆ. ಹಾಲಿನ ಶುದ್ಧತೆಯನ್ನು ತಿಳಿಯಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪರೀಕ್ಷೆಯೊಂದಿದೆ. ಹತ್ತು ಮಿಲಿಲೀಟರು ಹಸಿ ಹಾಲಿಗೆ ಬಣ್ಣದ ತೆಳುದ್ರಾವಣವನ್ನು ಒಂದು ಮಿಲಿಲೀಟರು ಬೆರಸಿ 37 ಡಿಗ್ರಿ ಶಾಖದಲ್ಲಿ ಇಟ್ಟರೆ, ಹಾಲಿನಲ್ಲಿ ಬ್ಯಾಕ್ಟೀರಿಯಗಳು ಹೆಚ್ಚಿದ್ದಷ್ಟೂ ಬೇಗ ಆಮ್ಲಜನಕ ಮುಗಿದು ನೀಲಿ ಮಾಯವಾಗುತ್ತದೆ. ಒಳ್ಳೆಯ ಹಾಲಿನಲ್ಲಿ ಬಣ್ಣ ಹಲವು ಗಂಟೆ ನಿಲ್ಲುತ್ತದೆ. ಕೆಟ್ಟ ಹಾಲಿನಲ್ಲಿ ಅರ್ಧ ಗಂಟೆಯೂ ನಿಲ್ಲದು. ರೋಗಾಣುಗಳನ್ನು ಸಾಕದೆ, ಯಾರಿಗೂ ಅಪಾಯವಿಲ್ಲದೆ ಸಸ್ಯರಸಗಳನ್ನು ಪರೀಕ್ಷಿಸಲು ಇದು ಒಳ್ಳೆಯ ದಾರಿಯೆಂದು ಎರಡು ವರ್ಷದ ಹಿಂದೆ ನಮ್ಮ ವಿದ್ಯಾರ್ಥಿಗಳಿಂದ ಮಾಡಿಸಿದೆ. ಒಂದು ನಳಿಕೆಗೆ ಬರಿಯ ಹಾಲು, ಉಳಿದವಕ್ಕೆ ಶುಂಠಿ, ಬೆಳ್ಳುಳ್ಳಿ, ದೊಡ್ಡಪತ್ರೆ, ನೆಲ್ಲಿಕಾಯಿಗಳ ರಸ ಎರಡೆರಡು ಹನಿ. ಎಲ್ಲಕ್ಕಿಂತ ಮೊದಲು ಬಣ್ಣ ಕಳೆದುಕೊಂಡದ್ದು ನೆಲ್ಲಿಕಾಯಿಯ ನಳಿಕೆ. “ನೋಡಿ, ನೆಲ್ಲಿಕಾಯಿ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಬದಲು ಸಾಕುತ್ತಿದೆ” ಎಂದು ನಾನು ಸಭಾಭಾಷಣದ ಧಾಟಿಯಲ್ಲಿ ಘೋಷಿಸಿದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು “ಸಾರ್, ಹಾಲೇ ಹಾಕದೆ ಮಾಡಿ ನೋಡಲೆ?” ಎಂದಳು. ಕುದಿಸಿ ಆರಿಸಿದ ನೀರಿಗೆ ಬಣ್ಣವನ್ನೂ ನೆಲ್ಲಿಕಾಯಿ ರಸವನ್ನೂ ಹಾಕಿದಳು. ಬ್ಯಾಕ್ಟೀರಿಯದ ಹಂಗಿಲ್ಲದೆಯೇ ನೀಲಿ ಇಳಿಯಿತು! ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವಕ್ಕೆ ಆ ಬಣ್ಣವನ್ನು ತಾನಾಗಿ ಅಳಿಸುವ ಶಕ್ತಿಯಿದೆಯೆಂಬುದು ಪಠ್ಯಪುಸ್ತಕದಲ್ಲಿರುವ ಸಂಗತಿ, ಎಂ.ಎಸ್ಸಿ. ಮಾಡಿದ ನನಗೆ ಹೊಳೆದಿರಲಿಲ್ಲ. ಅಂದಿನಿಂದ ಪ್ರತಿಯೊಂದು ರಸಕ್ಕೂ ಹಾಲಿಲ್ಲದ ಒಂದು ನಳಿಕೆ ಜೊತೆಗಿರಬೇಕೆಂಬುದು ನಮ್ಮ ನಿಯಮ. ಅದಕ್ಕೆ ವಿದ್ಯಾರ್ಥಿಗಳು ಆ ಹುಡುಗಿಯ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಸರಿಯಾಗಿ ಅಳೆದರೆ ಹಳೆಯ ಪಾಕಗಳಿಂದಲೂ ಬೆರಗಿನ ಸಂಗತಿಗಳು ಹೊರಬೀಳುತ್ತವೆ. ಇಂಗ್ಲೆಂಡಿನ ಹತ್ತನೆಯ ಶತಮಾನದ ವೈದ್ಯಗ್ರಂಥವೊಂದರಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜಾತಿಯ ಇನ್ನೊಂದು ಗಡ್ಡೆ, ದ್ರಾಕ್ಷಾಮದ್ಯ, ಎತ್ತಿನ ಪಿತ್ತ ಇವನ್ನು ಕಲಸಿ ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ದಿನ ಇಟ್ಟು ಕಣ್ಣಿನ ಕುರುವಿಗೆ ಹಚ್ಚುವ ಮದ್ದಿನ ವಿವರವಿದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಅದನ್ನು ಅಕ್ಷರಶಃ ತಯಾರಿಸಿ, ಹಲವು ಔಷಧಗಳಿಗೆ ಜಗ್ಗದ ಸ್ಟೆಫೈಲೊಕಾಕಸ್‌ನ ಮೇಲೆ ಪ್ರಯೋಗಶಾಲೆಯಲ್ಲಿ ಹಾಕಿ ನೋಡಿದರು. ಬ್ಯಾಕ್ಟೀರಿಯಗಳು ಹೆಚ್ಚುಕಡಮೆ ನಿರ್ನಾಮವಾದುವು. ಒಂದೊಂದೇ ಪದಾರ್ಥದಿಂದ ಆ ಫಲ ಬರಲಿಲ್ಲ, ಕೂಡಿಸಿದಾಗ ಬಂತು. ಗಮನಿಸಿ, ಅದು ಕುಡಿಯುವ ಮದ್ದಲ್ಲ, ಕುರುವಿರುವ ಜಾಗಕ್ಕೇ ಹಚ್ಚುವ ಮದ್ದು. ನಮ್ಮ ನಾಟಿ ವೈದ್ಯರ ಲೇಪಗಳನ್ನೂ ಹೀಗೆಯೇ ಅಕ್ಷರಶಃ ಮಾಡಿ, ಅಕ್ಷರಶಃ ಅಳೆಯುವವರು ಬೇಕಾಗಿದ್ದಾರೆ.

ಶುಂಠಿಯ ಯಜಮಾನರಿಗೆ ನಾನು ಕೊನೆಗೆ ಹೇಳಿದ ಉತ್ತರದಲ್ಲಿ ಕಷಾಯವಿರಲಿಲ್ಲ. ರೋಗ ಬಂದ ಮಡಿಯ ಗಡ್ಡೆಯನ್ನು ಬಿತ್ತನೆಗೆ ಇಡಬೇಡಿ, ಆ ಮಡಿಯ ನೀರು ಮುಂದಿನದಕ್ಕೆ ಹರಿಯದಂತೆ ಕಾಲುವೆ ಬೇರೆ ತೋಡಿಸಿ, ಆ ಜಾಗದಲ್ಲಿ ಕೆಲವು ವರ್ಷ ಶುಂಠಿಯನ್ನಾಗಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿಯನ್ನಾಗಲಿ ಹಾಕಬೇಡಿ ಎಂದೆ. ಇದು ನನ್ನ ಪಾಂಡಿತ್ಯವಲ್ಲ, ಕೃಷಿ ವಿಜ್ಞಾನಿಗಳು ಹೇಳುವ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ಈ ಗಡ್ಡೆ ಮಾರಾಟಕ್ಕೆ, ಬೀಜ ಹೊರಗಿಂದ ತರಬೇಕು. ಆ ಬೀಜದಾಗೆ ಕ್ರಿಮಿ ಇಲ್ಲ ಅಂತ ಯಾರು ಹೇಳ್ತಾರೆ?” ಎಂದರು. ಆ ಪ್ರಶ್ನೆಗೂ ಲೋಟದ ನೀರು ಪೂರ್ತಿ ಉತ್ತರ ಹೇಳಲಾರದು. ರೋಗ ಒಳಗೆ ಅಡಗಿ ಕುಳಿತ ಗಡ್ಡೆಯಲ್ಲಿ ಬಿಳಿಯ ಎಳೆ ಕಾಣದೆಯೂ ಹೋಗಬಹುದು.

ಈ ವರ್ಷ ನಮ್ಮ ಪ್ರಯೋಗಶಾಲೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂಬತ್ತು ಗಾಜಿನ ಜಾಡಿಗಳಿವೆ. ಮೂರರಲ್ಲಿ ಮಿಡಿಮಾವು ಮತ್ತು ಉಪ್ಪು ಮಾತ್ರ, ಉಪ್ಪು ನೂರಕ್ಕೆ ಐದು, ಹತ್ತು, ಇಪ್ಪತ್ತು ಪಾಲು. ಮೂರರಲ್ಲಿ ಅದರ ಜೊತೆಗೆ ಅರೆದ ಸಾಸಿವೆ. ಉಳಿದ ಮೂರರಲ್ಲಿ ಓಮ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಪಿ.ಎಚ್. ಕಾಗದವನ್ನು ಅದ್ದಿ, ನೊರೆ, ವಾಸನೆ, ಬಣ್ಣಗಳನ್ನು ಬರೆದಿಡುತ್ತಾರೆ. ರುಚಿ ನೋಡಕೂಡದೆಂದು ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೇನೆ. ಹತ್ತು ಪಾಲು ಉಪ್ಪಿನ ಸಾಸಿವೆಯ ಜಾಡಿಯಲ್ಲಿ ಮಿಡಿಗಳ ಸಂಖ್ಯೆ ಕಳೆದ ವಾರದ ದಾಖಲೆಗಿಂತ ಎರಡು ಕಡಮೆ ಇದೆ. ಅದಕ್ಕೆ ಬ್ಯಾಕ್ಟೀರಿಯ ಕಾರಣವಲ್ಲವೆಂದು ಮಾತ್ರ ಈಗಲೇ ಹೇಳಬಲ್ಲೆ.